ಕೊಂದ ಹುಲಿ ಯಾವುದು?

ಚಂದ್ರಬಂಡ, ಮಾನ್ವಿ, ದೇವದುರ್ಗದ ಕಡೆಯವರು ಹುಲಿಯನ್ನು ಕಾಣುವುದು ಮೊಹರಂನಲ್ಲಿ. ಹರಕೆ ಹೊತ್ತವರು ಮೈತುಂಬ ಹಳದಿ ಬಣ್ಣ ಬಳಿಸಿಕೊಂಡು, ಅದರ ಮೇಲೆ ಕರಿಪಟ್ಟೆ ಎಳೆಸಿಕೊಂಡು, ಹಲಗೆಯ ಪೆಟ್ಟಿಗೆ ಹೆಜ್ಜೆ ಹಾಕುತ್ತ ಓಣಿಯಲ್ಲಿ ಬರುತ್ತಾರೆ. ಅಲಾಯಿ ದೇವರ ಮುಂದೆ ಕುಣಿಯುವ ಈ ಹುಲಿಯನ್ನು ಕಂಡು ಎಳೆಯ ಮಕ್ಕಳು ತಾಯಿಯ ಸೆರಗಿನ ಹಿಂದೆ ಅಡಗುವುದುಂಟು. ನಿಜವಾದ ಹುಲಿ ಈ ಬಂಡೆಗುಡ್ಡಗಳ ಸೀಮೆಯಲ್ಲಿ ಈಗಿಲ್ಲ. ಆಗೀಗ ಚಿರತೆ ಕಾಣಿಸಿಕೊಂಡರೆ ಊರವರ ಬಾಯಲ್ಲಿ ಅದೂ ಹುಲಿಯೇ. ಪಟ್ಟೆಹುಲಿಯ ನೆಲೆ ನೋಡಬೇಕೆಂದರೆ ಕೃಷ್ಣೆಯ ಹರಿವಿನ ಜೊತೆ ಬಹುದೂರ ಕೆಳಗೆ ಸಾಗಿ ನಲ್ಲಮಲದ ಕಾಡು ಸೇರಬೇಕು, ಇಲ್ಲವೆ ದಕ್ಷಿಣಕ್ಕೆ ಬಂಡೀಪುರ, ನಾಗರಹೊಳೆಗೆ ಹೋಗಬೇಕು.

ಆದರೂ ನರಭಕ್ಷಕ ಹುಲಿಯ ಕತೆ ಬಯಲುಸೀಮೆಯವರಿಗೆ ಹೊಸದೇನಲ್ಲ. ಕೆನೆತ್ ಆಂಡರ್ಸನ್ ಅವರ ಬೇಟೆಯ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿ ಅವರು ‘ಕಾಡಿನ ಕತೆಗಳು’ ಎಂಬ ಮಾಲೆಯಲ್ಲಿ ಕನ್ನಡಕ್ಕೆ ತಂದ ಮೇಲೆ, ಕಾಡನ್ನೇ ಕಾಣದ ಊರುಗಳ ಗ್ರಂಥಾಲಯಗಳಲ್ಲೂ ‘ಪೆದ್ದಚೆರುವಿನ ರಾಕ್ಷಸ’ನ ಪ್ರತಿಗಳು ಓದುಗರ ಕೈಯಿಂದ ಕೈಗೆ ಹೋಗಿ ಸವೆದವು. ಈ ಕತೆಗಳ ಹಂದರ ಎಲ್ಲರಿಗೂ ಗೊತ್ತು. ಊರಿಗೆ ಊರೇ ಹೆದರಿ ಬಾಗಿಲು ಮುಚ್ಚಿರುತ್ತದೆ. ಬೇಟೆಗಾರ ಬರುತ್ತಾನೆ, ಮರದ ಮೇಲೆ ಅಟ್ಟಣೆ ಕಟ್ಟಿಸಿ ರಾತ್ರಿಯಿಡೀ ಕೂರುತ್ತಾನೆ. ಕೊನೆಗೊಂದು ಗುಂಡಿನ ಸದ್ದು ಕೇಳುತ್ತದೆ, ಊರು ನಿಟ್ಟುಸಿರು ಬಿಡುತ್ತದೆ.

ಗುಂಡು ಹೊಡೆಯುವುದು ಇದರಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸವೆಂದು ಓದುಗರಿಗೆ ಅನ್ನಿಸುವುದು ಸಹಜ. ಆದರೆ ಬೇಟೆಗಾರರೇ ಬರೆದಿಟ್ಟ ಪುಸ್ತಕಗಳನ್ನು ಇನ್ನೊಮ್ಮೆ ಓದಿದರೆ, ಅವರ ನಿದ್ದೆ ಕೆಡಿಸಿದ್ದು ಬೇರೆಯೇ ಒಂದು ಪ್ರಶ್ನೆ ಎಂದು ತಿಳಿಯುತ್ತದೆ. ಕಾಡಿನಲ್ಲಿ ಹತ್ತು ಹುಲಿಗಳಿವೆ, ಮನುಷ್ಯನನ್ನು ಕೊಂದದ್ದು ಒಂದು. ಆ ಒಂದು ಯಾವುದು? ನೂರೈವತ್ತು ವರ್ಷಗಳ ಹಿಂದೆ ಇದ್ದ ಈ ಪ್ರಶ್ನೆ ಇಂದಿಗೂ ಹಾಗೆಯೇ ಇದೆ. ಉತ್ತರ ತಡವಾದರೆ ಏನಾಗುತ್ತದೆ ಎಂಬುದಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದಲ್ಲಿ ನಡೆದ ಘಟನೆಯೇ ಸಾಕ್ಷಿ. ದನಕರುಗಳ ಮೇಲೆ ಎರಗುತ್ತಿದ್ದ ಹುಲಿ ಸಿಗಲಿಲ್ಲವೆಂದು ರೊಚ್ಚಿಗೆದ್ದ ಗ್ರಾಮಸ್ಥರು, ಹುಲಿಗೆಂದು ತಂದಿಟ್ಟಿದ್ದ ಬೋನಿನೊಳಗೆ ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದರು.

ಸಳನಿಂದ ಸ್ಯಾಂಡರ್ಸನ್‌ವರೆಗೆ

ಹುಲಿ ಕೊಂದವನಿಗೆ ಕನ್ನಡ ನಾಡು ಕೊಟ್ಟ ಮನ್ನಣೆ ಸಣ್ಣದಲ್ಲ. ಒಂದು ರಾಜವಂಶ ತನ್ನ ಹುಟ್ಟನ್ನೇ ಹುಲಿಬೇಟೆಯ ಜೊತೆ ಜೋಡಿಸಿಕೊಂಡಿತು. ಸೊಸೆವೂರಿನಲ್ಲಿ ಜೈನಮುನಿ ‘ಹೊಯ್ ಸಳ’ ಎಂದಾಗ ಸಳನು ಹುಲಿಯನ್ನು ಹೊಡೆದನೆಂಬ ಐತಿಹ್ಯ ಬೇಲೂರಿನ ಕಲ್ಲಿನಲ್ಲಿ ಲಾಂಛನವಾಗಿ ನಿಂತಿದೆ. ಆ ಸೊಸೆವೂರು ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ. ನರಭಕ್ಷಕಗಳ ಕತೆಯನ್ನು ಕನ್ನಡಿಗರಿಗೆ ಹೇಳಿದ ತೇಜಸ್ವಿ ಬದುಕಿದ್ದೂ ಅದೇ ತಾಲ್ಲೂಕಿನಲ್ಲಿ ಎಂಬುದು ಕಾಕತಾಳೀಯವಾದರೂ ನೆನೆಯಬೇಕಾದ ಸಂಗತಿ. ರಾಜರ ಮಾತು ಹಾಗಿರಲಿ. ಹುಲಿಯೊಡನೆ ಹೋರಾಡಿ ಸತ್ತ ಸಾಮಾನ್ಯರಿಗೂ ವೀರಗಲ್ಲುಗಳಿವೆ. ಮಲೆನಾಡಿನ ಊರುಗಳಲ್ಲಿ, ಎದುರುಬದುರಾಗಿ ನಿಂತ ಮನುಷ್ಯ ಮತ್ತು ಹುಲಿಯ ಕೆತ್ತನೆಯುಳ್ಳ ಇಂತಹ ಕಲ್ಲುಗಳು ಇಂದಿಗೂ ಸಿಗುತ್ತವೆ.

ಕೊಡಗಿನ ಸಂಪ್ರದಾಯ ಇನ್ನೂ ವಿಶಿಷ್ಟವಾದದ್ದು. ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ. ಹುಲಿಯನ್ನು ಕೊಂದವನಿಗೆ ಮದುಮಗನ ಉಡುಪು ತೊಡಿಸಿ, ಸತ್ತ ಹುಲಿಯ ಬಳಿ ಕೂರಿಸಿ, ನೆಂಟರಿಷ್ಟರು ಅಕ್ಕಿ ಹಾಕಿ ಹರಸಿ, ಕೈಗೆ ಕಾಣಿಕೆ ಇಟ್ಟು ‘ನರಿ ಮಂಗಲ’ ನಡೆಸುತ್ತಿದ್ದರು. ಹುಲಿಯ ಜೊತೆಗೇ ಮದುವೆ ಎಂದರೂ ಸರಿಯೇ. ಕೊಂದ ಪ್ರಾಣಿಯನ್ನು ಹಗೆಯೆಂದು ತುಳಿಯದೆ ನೆಂಟಸ್ತಿಕೆಗೆ ಎಳೆದುಕೊಂಡ ಈ ಆಚರಣೆಯನ್ನು 19ನೇ ಶತಮಾನದಲ್ಲಿ ಕೊಡಗಿಗೆ ಬಂದ ಯುರೋಪಿಯನ್ನರು ಬೆರಗಿನಿಂದ ದಾಖಲಿಸಿದ್ದಾರೆ.

ಇವೆಲ್ಲದರಲ್ಲಿ ಒಂದು ಸಂಗತಿ ಗಮನಿಸಬೇಕು. ಸಳನಾಗಲಿ, ವೀರಗಲ್ಲಿನ ಬಂಟನಾಗಲಿ, ಕೊಡಗಿನ ಬೇಟೆಗಾರನಾಗಲಿ ‘ಯಾವ ಹುಲಿ’ ಎಂದು ಕೇಳಬೇಕಾಗಿರಲಿಲ್ಲ. ಎದುರಿಗೆ ಬಂದದ್ದೇ ಹುಲಿ. ಹಳೆ ಮೈಸೂರಿನ ಹಳ್ಳಿಗಳಲ್ಲಿ ಹುಲಿಗೆಂದೇ ಹಗ್ಗದ ದಪ್ಪ ಬಲೆಗಳಿರುತ್ತಿದ್ದವು. ಹುಲಿ ಮಲಗಿದ ಪೊದೆಯನ್ನು ಸುತ್ತುವರಿದು, ಬಲೆ ಕಟ್ಟಿ, ಸದ್ದುಗದ್ದಲ ಮಾಡಿ ಎಬ್ಬಿಸಿ ಭರ್ಜಿಯಿಂದ ತಿವಿಯುತ್ತಿದ್ದರು. ಬ್ರಿಟಿಷರ ಕಾಲದಲ್ಲಿ ಸರ್ಕಾರವೇ ಹುಲಿಯ ತಲೆಗೆ ಇನಾಮು ಕಟ್ಟಿತು. ಇನಾಮಿಗೆ ಎಲ್ಲ ಹುಲಿಯೂ ಒಂದೇ ಬೆಲೆ. ಮನುಷ್ಯನ ಮುಖವನ್ನೇ ನೋಡದೆ ಜಿಂಕೆ ತಿಂದುಕೊಂಡಿದ್ದ ಹುಲಿಗೂ ಅದೇ ಗತಿ.

ಈ ಪದ್ಧತಿಯ ಬಗ್ಗೆ ಮೊದಲು ತಕರಾರು ಎತ್ತಿದವರಲ್ಲಿ ಒಬ್ಬರು, ಸೋಜಿಗವೆಂದರೆ, ಸ್ವತಃ ಹುಲಿ ಬೇಟೆಗಾರರೇ. ಜಿ.ಪಿ. ಸ್ಯಾಂಡರ್ಸನ್ ಅವರು ಮೈಸೂರು ಸಂಸ್ಥಾನದ ನೀರಾವರಿ ಕೆಲಸಕ್ಕೆ ಬಂದು, ಚಾಮರಾಜನಗರದ ಕಡೆ ನೆಲೆಸಿ, ಕನ್ನಡ ಕಲಿತು, ಆನೆ ಹಿಡಿಯುವ ಖೆಡ್ಡಾ ನಡೆಸಿ ಹೆಸರಾದವರು. 1878ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ‘ಐಯನ್‌ಪುರ’ ಎಂದು ಕರೆದಿರುವ ಊರಿನ ಸುತ್ತ ಜನರನ್ನು ಕಾಡಿದ ಹೆಣ್ಣುಹುಲಿಯೊಂದರ ಪ್ರಸಂಗ ಬರುತ್ತದೆ. 1870ರ ದಶಕದ ಮಾತು ಇದು. ಆ ಹುಲಿಯನ್ನು ಕೊಂದ ಕೈಯಿಂದಲೇ ಅವರು ಹುಲಿಯ ಪರವಾಗಿಯೂ ಬರೆದರು. ಹುಲಿಗಳೆಲ್ಲ ಕೇಡಿನವಲ್ಲ, ಜಿಂಕೆ ಹಂದಿಗಳನ್ನು ತಿಂದು ರೈತನ ಬೆಳೆ ಉಳಿಸುತ್ತವೆ, ಅವನ್ನು ಬೇರುಸಹಿತ ಕಿತ್ತುಹಾಕುವುದು ತಪ್ಪು ಎಂಬುದು ಅವರ ವಾದವಾಗಿತ್ತು. ಮನುಷ್ಯರನ್ನು ಕೊಲ್ಲುವ ಹುಲಿಯನ್ನು ಮಾತ್ರ ಬಿಡಬಾರದು. ಅಂದರೆ ಅದೊಂದನ್ನು ಉಳಿದವುಗಳಿಂದ ಬೇರೆ ಮಾಡಿ ಗುರುತಿಸಬೇಕು. ಕಷ್ಟ ಶುರುವಾಗುವುದು ಇಲ್ಲಿಂದಲೇ.

ಹೆಜ್ಜೆ ಓದಿದವರು

ಗುರುತಿಸುವ ಮೊದಲ ಸಾಧನ ಹೆಜ್ಜೆ ಗುರುತು. ಗಂಡುಹುಲಿಯ ಹೆಜ್ಜೆ ಹೆಚ್ಚುಕಡಿಮೆ ಚೌಕ. ಹೆಣ್ಣಿನದು ಸ್ವಲ್ಪ ಉದ್ದ, ಬೆರಳು ಚೂಪು. ಮುದಿ ಹುಲಿಯ ಅಂಗಾಲು ಹರಡಿಕೊಂಡಿರುತ್ತದೆ. ಕುಂಟುವ ಹುಲಿಯ ಒಂದು ಪಾದ ಮಣ್ಣಿನಲ್ಲಿ ಆಳವಾಗಿ ಊರುವುದಿಲ್ಲ, ಇಲ್ಲವೆ ಎಳೆದ ಗೀರು ಬಿಡುತ್ತದೆ. ಆದರೆ ಒಂದೇ ಹುಲಿಯ ಹೆಜ್ಜೆ ಹಸಿ ಮರಳಿನಲ್ಲಿ ಒಂದು ಅಳತೆ, ಗಟ್ಟಿ ಧೂಳಿನಲ್ಲಿ ಇನ್ನೊಂದು ಅಳತೆ. ಇದನ್ನೆಲ್ಲ ತೂಗಿ ನೋಡಿ ‘ಇದು ನಿನ್ನೆ ಬಂದದ್ದೇ’ ಎಂದು ಹೇಳುವುದು ಪುಸ್ತಕ ಓದಿ ಬರುವ ವಿದ್ಯೆಯಲ್ಲ.

ಈ ವಿದ್ಯೆ ಇದ್ದದ್ದು ಕಾಡಿನಲ್ಲೇ ಹುಟ್ಟಿ ಬೆಳೆದವರ ಬಳಿ. ಸ್ಯಾಂಡರ್ಸನ್‌ಗೆ ಜಾಡು ತೋರಿಸಿದವರು ಸೋಲಿಗರು, ಕುರುಬರು. ಆಂಡರ್ಸನ್‌ಗೆ ಬೈರ. ಚಿನ್ನಾರ್ ಹೊಳೆಯ ಕಾಡಿನ ಪೂಜಾರಿ ಜನಾಂಗದ ಈ ಬೈರ ಆಂಡರ್ಸನ್‌ಗೆ ಮೊದಲು ಭೇಟಿಯಾದದ್ದು ಕಳ್ಳಬೇಟೆಗಾರನಾಗಿ. ಆಮೇಲೆ ಅವನೇ ಗುರುವೂ ಗೆಳೆಯನೂ ಆದ. ಮುರಿದ ಹುಲ್ಲುಕಡ್ಡಿ, ಎಲೆಯ ಮೇಲೆ ಒಣಗಿದ ರಕ್ತದ ಹನಿ, ಕೆಂಬೂತದ ಕೂಗು, ಲಂಗೂರದ ಎಚ್ಚರಿಕೆ, ಇವೆಲ್ಲ ಸೇರಿ ಬೈರನ ಪಾಲಿಗೆ ಒಂದು ವರದಿಯಾಗುತ್ತಿತ್ತು. ಆಂಡರ್ಸನ್ ಅವನನ್ನು ಮನಸಾರೆ ಕೊಂಡಾಡಿದ್ದಾರೆ. ಹಾಗೆ ಹೆಸರು ಉಳಿದ ಜಾಡುಗಾರರು ಬೆರಳೆಣಿಕೆಯಷ್ಟು. ಉಳಿದವರು ಬೇಟೆಯ ಫೋಟೊಗಳಲ್ಲಿ ಸತ್ತ ಹುಲಿಯ ಹಿಂದೆ, ಬಂದೂಕು ಹಿಡಿದ ದೊರೆಯ ಪಕ್ಕದಲ್ಲಿ, ಹೆಸರಿಲ್ಲದೆ ನಿಂತಿರುತ್ತಾರೆ. ಈ ಮಾತಿಗೆ ಕನ್ನಡದಲ್ಲೇ ಒಂದು ಅಪವಾದವಿದೆ. ಪುತ್ತೂರಿನ ಕಡೆಯ ಕೆದಂಬಾಡಿ ಜತ್ತಪ್ಪ ರೈ ಅವರ ‘ಬೇಟೆಯ ನೆನಪುಗಳು’ ಹೊರಗಿನಿಂದ ಬಂದ ಸಾಹೇಬರ ಕಣ್ಣಿನ ಪುಸ್ತಕವಲ್ಲ, ಆ ನೆಲದ ಕೃಷಿಕರೊಬ್ಬರ ಪುಸ್ತಕ.

ಹುಲಿ ಮನುಷ್ಯನನ್ನು ತಿನ್ನಲು ತೊಡಗುವುದೇಕೆ ಎಂಬುದಕ್ಕೆ ಹಳೆಯ ಬೇಟೆಗಾರರು ಕೊಟ್ಟ ಉತ್ತರ ಇಂದಿಗೂ ಬಹುಮಟ್ಟಿಗೆ ನಿಲ್ಲುತ್ತದೆ. ಜಿಮ್ ಕಾರ್ಬೆಟ್ 1907ರಲ್ಲಿ ಕುಮಾವೋನ್‌ನ ಚಂಪಾವತ್‌ನಲ್ಲಿ ಹೊಡೆದ ಹೆಣ್ಣುಹುಲಿ ನೇಪಾಳದಲ್ಲಿ 200, ಕುಮಾವೋನ್‌ನಲ್ಲಿ 236, ಒಟ್ಟು 436 ಮಂದಿಯನ್ನು ಕೊಂದಿತ್ತೆಂದು ಅವರು ಬರೆದಿದ್ದಾರೆ. ಅದರ ಬಾಯಿ ಬಿಡಿಸಿ ನೋಡಿದರೆ ಬಲಗಡೆಯ ಮೇಲಿನ ಮತ್ತು ಕೆಳಗಿನ ಕೋರೆಹಲ್ಲುಗಳು ಮುರಿದಿದ್ದವು. ಎಂದೋ ಯಾರೋ ಹೊಡೆದ ಗುಂಡಿನ ಗುರುತು ಅದು. ಕೋರೆಹಲ್ಲಿಲ್ಲದ ಹುಲಿ ಕಡವೆಯ ಕುತ್ತಿಗೆ ಹಿಡಿಯಲಾರದು. ಮುಳ್ಳುಹಂದಿಯ ಮುಳ್ಳು ಪಾದದಲ್ಲಿ ನೆಟ್ಟು ಕೀವಾದ ಹುಲಿಯೂ ಅಷ್ಟೇ.

ಆಂಡರ್ಸನ್ ಹೇಳುವ ಜವಳಗಿರಿಯ ಹುಲಿಯ ಕತೆ ನಮಗೆ ಇನ್ನೂ ಹತ್ತಿರದ್ದು. ಬೆಂಗಳೂರಿಗೆ ಅಷ್ಟೇನೂ ದೂರವಿಲ್ಲದ, ಈಗ ತಮಿಳುನಾಡಿಗೆ ಸೇರಿದ, ಕನ್ನಡದ ಮಾತು ಕೇಳಿಬರುವ ಕಾಡು ಅದು. ಅಲ್ಲಿ ಜೋಡಿಯಾಗಿದ್ದ ಹುಲಿಗಳಲ್ಲಿ ಗಂಡನ್ನು ಗುಂಡಿಟ್ಟು ಕೊಂದರು. ಹೆಣ್ಣಿಗೂ ಗುಂಡು ತಗುಲಿತು, ಅದು ಸಾಯಲಿಲ್ಲ. ಗಾಯಗೊಂಡ ಆ ಹುಲಿಯೇ ಮುಂದೆ ನರಭಕ್ಷಕವಾಯಿತು. ಕೊನೆಗೆ ಆಂಡರ್ಸನ್ ಗಂಡುಹುಲಿಯ ಕೂಗನ್ನು ತಮ್ಮ ಗಂಟಲಿನಿಂದಲೇ ಅನುಕರಿಸಿ, ಸಂಗಾತಿ ಸಿಕ್ಕಿತೆಂದು ಓಡಿಬಂದ ಆ ಹೆಣ್ಣುಹುಲಿಯನ್ನು ಹೊಡೆದರು. ಇಂತಹ ಕತೆಗಳಲ್ಲಿ ನಡೆದದ್ದು ಎಷ್ಟು, ಕತೆಗಾರನ ಕೈಚಳಕ ಎಷ್ಟು ಎಂಬ ಚರ್ಚೆ ಓದುಗರಲ್ಲಿ ಇದ್ದೇ ಇದೆ. ಆದರೆ ಒಬ್ಬ ಬೇಟೆಗಾರ ಅರೆಬರೆ ಹೊಡೆದ ಹುಲಿಯ ಸಾಲವನ್ನು ಸೌದೆ ಆರಿಸಲು ಹೋದ ಇನ್ನಾರೋ ತೀರಿಸಬೇಕಾಗುತ್ತದೆ ಎಂಬ ಮಾತನ್ನು ಅನುಮಾನಿಸುವವರು ಕಡಿಮೆ.

ಹುಲಿ ಮನುಷ್ಯನನ್ನು ಕೊಂದ ಮಾತ್ರಕ್ಕೆ ಅದು ನರಭಕ್ಷಕವಾಗುವುದಿಲ್ಲ ಎಂಬುದನ್ನೂ ಇದೇ ಬೇಟೆಗಾರರು ಹೇಳಿದ್ದಾರೆ. ಮರಿಗಳ ಬಳಿ ಅರಿಯದೆ ನಡೆದವನನ್ನು ಹುಲಿ ಹೊಡೆಯಬಹುದು. ತಾನು ಕೊಂದ ದನದ ಬಳಿ ಬಂದವನನ್ನು ಹೊಡೆಯಬಹುದು. ಕಳೆ ಕೀಳಲು ಬಗ್ಗಿದ ಹೆಂಗಸು, ಬಹಿರ್ದೆಸೆಗೆ ಕುಳಿತವನು ದೂರದಿಂದ ನಾಲ್ಕು ಕಾಲಿನ ಪ್ರಾಣಿಯಂತೆ ಕಂಡು ಎರಗಬಹುದು. ಇಂತಹ ಹುಲಿ ಮತ್ತೆಂದೂ ಮನುಷ್ಯನ ತಂಟೆಗೆ ಬಾರದೆ ಇರಬಹುದು. ಸತ್ತವನ ಮನೆಯವರಿಗೆ ಈ ವ್ಯತ್ಯಾಸ ಹೇಳಿ ಒಪ್ಪಿಸುವುದು ಹೇಗೆ? ಅರಣ್ಯ ಇಲಾಖೆಯ ಅಧಿಕಾರಿಗಳು ಪ್ರತಿ ಸಲವೂ ಎದುರಿಸುವ ಪ್ರಶ್ನೆ ಇದು.

ಪಟ್ಟೆಯ ಸಾಕ್ಷಿ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆಟದ ನಿಯಮಗಳು ಬದಲಾದವು. ಆ ವರ್ಷದ ಗಣತಿಯಲ್ಲಿ ದೇಶದಲ್ಲಿ ಲೆಕ್ಕಕ್ಕೆ ಸಿಕ್ಕ ಹುಲಿಗಳು 1,827. ಮರುವರ್ಷ ‘ಹುಲಿ ಯೋಜನೆ’ ಆರಂಭವಾಯಿತು, ಮೊದಲ ಒಂಬತ್ತು ಅಭಯಾರಣ್ಯಗಳಲ್ಲಿ ಬಂಡೀಪುರವೂ ಒಂದಾಯಿತು. ಅಂದಿನಿಂದ ಖಾಸಗಿ ಬೇಟೆಗಾರ ತನ್ನಿಷ್ಟದಂತೆ ನರಭಕ್ಷಕವನ್ನು ಹೊಡೆಯುವಂತಿಲ್ಲ. ಹುಲಿಯೊಂದು ಮನುಷ್ಯರ ಜೀವಕ್ಕೆ ಅಪಾಯಕಾರಿ ಎಂದು ರಾಜ್ಯದ ಮುಖ್ಯ ವನ್ಯಜೀವಿ ವಾರ್ಡನ್ ಅವರಿಗೆ ಮನವರಿಕೆಯಾಗಬೇಕು. ಅವರು ಕಾರಣ ನಮೂದಿಸಿ ಲಿಖಿತ ಆದೇಶ ಕೊಡಬೇಕು. ಮೊದಲು ಜೀವಂತ ಹಿಡಿಯಲು ಯತ್ನಿಸಬೇಕು. ಅದು ಸಾಧ್ಯವೇ ಇಲ್ಲವೆಂದಾಗ ಮಾತ್ರ ಗುಂಡು. ಸರ್ಕಾರಿ ಕಾಗದಪತ್ರಗಳಲ್ಲಿ ‘ನರಭಕ್ಷಕ’ ಎಂಬ ಪದವೇ ಈಗ ಹಿಂದೆ ಸರಿದು, ‘ಮಾನವ ಜೀವಕ್ಕೆ ಅಪಾಯಕಾರಿ’ ಎಂಬ ಮಾತು ಬಂದಿದೆ.

ಆದೇಶ ಬರೆಯಬೇಕಾದರೆ ಯಾವ ಹುಲಿ ಎಂದು ಹೇಳಬೇಕು. ಇಲ್ಲಿ ಕರ್ನಾಟಕದ ಕೊಡುಗೆಯೊಂದಿದೆ. ಉಲ್ಲಾಸ ಕಾರಂತ ಅವರು 1990ರ ದಶಕದ ಆರಂಭದಲ್ಲಿ ನಾಗರಹೊಳೆಯಲ್ಲಿ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಕಾಡುದಾರಿಯ ಪಕ್ಕದ ಮರಗಳಿಗೆ ಕಟ್ಟಿ ಹುಲಿಗಳನ್ನು ಎಣಿಸಲು ತೊಡಗಿದರು. ಮನುಷ್ಯನ ಬೆರಳಚ್ಚಿನಂತೆ ಹುಲಿಯ ಪಟ್ಟೆಗಳೂ ಒಂದರದ್ದು ಇನ್ನೊಂದಕ್ಕೆ ಹೋಲುವುದಿಲ್ಲ. ಅಷ್ಟೇ ಅಲ್ಲ, ಒಂದೇ ಹುಲಿಯ ಎಡಮೈಯ ಪಟ್ಟೆ ಬಲಮೈಗೆ ಹೊಂದುವುದಿಲ್ಲ. ಆದ್ದರಿಂದ ದಾರಿಯ ಎರಡೂ ಬದಿಗೆ ಕ್ಯಾಮೆರಾ ಇಡಬೇಕು. ಹೆಜ್ಜೆ ಗುರುತಿನಿಂದ ಹುಲಿ ಎಣಿಸುತ್ತಿದ್ದ ಹಳೆಯ ಸರ್ಕಾರಿ ಪದ್ಧತಿಯನ್ನು ದೇಶ ಕೈಬಿಟ್ಟು ಕ್ಯಾಮೆರಾದ ಕಡೆ ಹೊರಳಿದ್ದು 2006ರ ಹೊತ್ತಿಗೆ. ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲೆ ಹುಲಿಗಳಿದ್ದು ಕಾಡಿನಲ್ಲಿ ಒಂದೂ ಇಲ್ಲವೆಂದು ಗೊತ್ತಾಗಿ ದೇಶವೇ ಬೆಚ್ಚಿದ ಮೇಲೆ.

ಹೀಗೆ ವರ್ಷದಿಂದ ವರ್ಷಕ್ಕೆ ಸಂಗ್ರಹವಾದ ಚಿತ್ರಗಳು ಸಾವು ಸಂಭವಿಸಿದಾಗ ಪೊಲೀಸ್ ಠಾಣೆಯ ಬೆರಳಚ್ಚಿನ ಕಡತದಂತೆ ಉಪಯೋಗಕ್ಕೆ ಬರುತ್ತವೆ. ಘಟನೆ ನಡೆದ ಜಾಗದ ಸುತ್ತ ಕ್ಯಾಮೆರಾ ಕಟ್ಟುತ್ತಾರೆ. ಸಿಕ್ಕ ಚಿತ್ರವನ್ನು ಹಳೆಯ ಚಿತ್ರಗಳೊಂದಿಗೆ ಹೋಲಿಸುತ್ತಾರೆ. ಗಾಯದ ಮೇಲಿನ ಜೊಲ್ಲು, ಉಗುರಿಗೆ ಸಿಕ್ಕ ಕೂದಲನ್ನು ಡಿಎನ್‌ಎ ಪರೀಕ್ಷೆಗೆ ಕಳಿಸಬಹುದು. ಇಷ್ಟೆಲ್ಲ ಇದ್ದರೂ ಸಂದೇಹ ಉಳಿಯುವುದುಂಟು. ಕ್ಯಾಮೆರಾ ಹೇಳುವುದು ಆ ಹುಲಿ ಆ ದಾರಿಯಲ್ಲಿ ಹೋಯಿತು ಎಂದಷ್ಟೇ, ಅದೇ ಕೊಂದಿತು ಎಂದಲ್ಲ. ಪರೀಕ್ಷೆಯ ವರದಿ ಬರುವುದರೊಳಗೆ ಇನ್ನೊಂದು ಸಾವು ಆಗಿಬಿಡಬಹುದು. ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ 13 ಸಾವುಗಳ ಆರೋಪ ಹೊತ್ತಿದ್ದ ಅವನಿ ಎಂಬ ಹೆಣ್ಣುಹುಲಿಯನ್ನು 2018ರ ನವೆಂಬರ್ 2ರ ರಾತ್ರಿ ಹೈದರಾಬಾದಿನ ಬೇಟೆಗಾರ ಮನೆತನದವರೊಬ್ಬರು ಹೊಡೆದಾಗ ಎದ್ದ ವಿವಾದ ಇಂತಹುದೇ. ಆ 13ರಲ್ಲಿ ಅವನಿಯ ಪಾಲು ಎಷ್ಟು ಎಂಬ ತರ್ಕ ಅದು ಸತ್ತ ಮೇಲೂ ಮುಗಿಯಲಿಲ್ಲ.

ಖಾನಾಪುರದ ಪಾಠ

ಕರ್ನಾಟಕದಲ್ಲಿ ಈ ವಿಷಯ ಎಲ್ಲಕ್ಕಿಂತ ಕಹಿಯಾದದ್ದು 2014ರ ಕೊನೆಯಲ್ಲಿ. ಆ ವರ್ಷದ ನವೆಂಬರ್‌ನಲ್ಲಿ ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟದಲ್ಲಿ ಮಹಿಳೆಯೊಬ್ಬರು ಹುಲಿಗೆ ಬಲಿಯಾದರು. ಜನ ರೊಚ್ಚಿಗೆದ್ದರು. ಅರಣ್ಯ ಇಲಾಖೆ ಒಂದು ಹುಲಿಯನ್ನು ಸೆರೆಹಿಡಿಯಿತು. ಅದನ್ನು ಮೃಗಾಲಯಕ್ಕೆ ಕಳಿಸಲಿಲ್ಲ. ಕುತ್ತಿಗೆಗೆ ರೇಡಿಯೊ ಪಟ್ಟಿ ಕಟ್ಟಿ, ನೂರಾರು ಕಿಲೋಮೀಟರ್ ದೂರದ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಭೀಮಗಡ ಅಭಯಾರಣ್ಯದಲ್ಲಿ ಬಿಟ್ಟರು. ಭೀಮಗಡದ ಒಳಗೂ ಅಂಚಿನಲ್ಲೂ ಹಳ್ಳಿಗಳಿವೆ, ಅಲ್ಲಿಯ ಜನ ದನ ಮೇಯಿಸಲು, ಸೌದೆ ತರಲು ಅದೇ ಕಾಡಿಗೆ ಹೋಗುವವರು.

ಹುಲಿಯ ಸ್ವಭಾವ ಬಲ್ಲವರು ಇದನ್ನು ಮೊದಲೇ ಟೀಕಿಸಿದ್ದರು. ಬೆಳೆದ ಹುಲಿಗೆ ತನ್ನದೇ ಸರಹದ್ದು ಇರುತ್ತದೆ. ಎಲ್ಲಿ ನೀರು, ಎಲ್ಲಿ ಕಡವೆ, ಎಲ್ಲಿ ಅಡಗಬೇಕು ಎಂಬುದು ಅದಕ್ಕೆ ಕರಗತ. ಅದನ್ನು ಎತ್ತಿ ಗೊತ್ತಿಲ್ಲದ ಕಾಡಿಗೆ ಹಾಕಿದರೆ, ಅಲ್ಲಿ ಮೊದಲೇ ಇರುವ ಹುಲಿಗಳ ಭಯ, ಹಸಿವು, ಹೊಸ ಜಾಗದ ಗಾಬರಿ ಎಲ್ಲ ಸೇರಿ ಅದು ಊರಂಚಿನ ದನದ ಕಡೆಗೆ, ದನದ ಹಿಂದಿರುವ ಮನುಷ್ಯನ ಕಡೆಗೆ ತಿರುಗುತ್ತದೆ.

ಹಾಗೆಯೇ ಆಯಿತು. ಡಿಸೆಂಬರ್ ತಿಂಗಳ ಕೊನೆಯ ವಾರದಲ್ಲಿ ಖಾನಾಪುರದ ಕಾಡಂಚಿನ ಹಳ್ಳಿಯೊಂದರ ಗರ್ಭಿಣಿಯನ್ನು ಹುಲಿ ಕೊಂದಿತು. ಈ ಸಲ ಯಾವ ಹುಲಿ ಎಂದು ಹುಡುಕಬೇಕಾಗಿರಲಿಲ್ಲ. ಕುತ್ತಿಗೆಯ ಪಟ್ಟಿ ತಾನು ಎಲ್ಲಿದ್ದೇನೆ ಎಂದು ಸಾರುತ್ತಲೇ ಇತ್ತು. ಡಿಸೆಂಬರ್ 28ರಂದು ಅದನ್ನು ಗುಂಡಿಟ್ಟು ಕೊಂದರು. ಚಿಕ್ಕಮಗಳೂರಿನಲ್ಲಿ ಕೊಂದದ್ದು ಇದೇ ಹುಲಿ ಎಂದು ಖಚಿತವಿದ್ದಿದ್ದರೆ ಅದನ್ನು ಮತ್ತೆ ಕಾಡಿಗೆ ಬಿಡಬಾರದಿತ್ತು. ಖಚಿತವಿರಲಿಲ್ಲ ಎಂದಾದರೆ ಅದನ್ನು ಅದರ ನೆಲೆಯಿಂದ ಕಿತ್ತು ತರಬಾರದಿತ್ತು. ಎರಡರಲ್ಲಿ ಯಾವುದನ್ನು ಒಪ್ಪಿದರೂ, ಖಾನಾಪುರದ ಆ ಮನೆಯವರಿಗೆ ಕೊಡಲು ಉತ್ತರವಿರಲಿಲ್ಲ.

ಆ ಬಳಿಕ ರಾಜ್ಯದಲ್ಲಿ ಮನುಷ್ಯರನ್ನು ಕೊಂದು ಸೆರೆಸಿಕ್ಕ ಹುಲಿಯನ್ನು ಮೃಗಾಲಯದ ಆಸರೆಗೆ ಕಳಿಸುವುದೇ ರೂಢಿಯಾಯಿತು. 2019ರ ಬಂಡೀಪುರದ ಕಾರ್ಯಾಚರಣೆ ಇದಕ್ಕೆ ಒಳ್ಳೆಯ ನಿದರ್ಶನ. ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿ, ಹುಂಡೀಪುರದ ಕಡೆ ಸುಮಾರು ಒಂದು ತಿಂಗಳ ಅಂತರದಲ್ಲಿ ಇಬ್ಬರು ರೈತರು ಬಲಿಯಾದರು. ಸಾಕಾನೆಗಳು, ಕ್ಯಾಮೆರಾಗಳು, ಅರಿವಳಿಕೆ ಮದ್ದಿನ ಬಂದೂಕು ಹಿಡಿದ ಪಶುವೈದ್ಯರು, ರಾಣಾ ಎಂಬ ಇಲಾಖೆಯ ನಾಯಿ ಎಲ್ಲ ಬಂದರು. ಇವರೆಲ್ಲರ ಮುಂದೆ ನೆಲ ನೋಡುತ್ತ ನಡೆದವರು ಸೋಲಿಗರು. ಸ್ಯಾಂಡರ್ಸನ್ ಕಾಲದಲ್ಲಿ ಮಾಡಿದ ಕೆಲಸವನ್ನೇ ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಮಾಡಿದರು. ಅಕ್ಟೋಬರ್ 13ರಂದು ಹುಲಿ ಮದ್ದಿಗೆ ಸಿಕ್ಕಿತು.

ಮದ್ದು ಹೊಡೆಯುವುದು ಗುಂಡು ಹೊಡೆಯುವುದಕ್ಕಿಂತ ಕಷ್ಟ ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ. ಬಂದೂಕಿನ ಗುಂಡು ಬಹುದೂರ ಹೋಗುತ್ತದೆ. ಮದ್ದಿನ ಸಿರಿಂಜನ್ನು ಕೆಲವೇ ಹತ್ತು ಗಜಗಳ ಹತ್ತಿರ ಹೋಗಿ ತೊಡೆಯ ಇಲ್ಲವೆ ಹೆಗಲಿನ ಮಾಂಸಖಂಡಕ್ಕೇ ನೆಡಬೇಕು. ನೆಟ್ಟ ಕೂಡಲೇ ಹುಲಿ ಬೀಳುವುದಿಲ್ಲ. ಹಲವು ನಿಮಿಷ ಅದು ಓಡಬಹುದು, ತಿರುಗಿ ಬೀಳಬಹುದು. ತೂಕದ ಅಂದಾಜು ತಪ್ಪಿ ಮದ್ದು ಕಡಿಮೆಯಾದರೆ ಮನುಷ್ಯನಿಗೆ ಕುತ್ತು, ಹೆಚ್ಚಾದರೆ ಹುಲಿಗೆ. ಲಂಟಾನದ ಪೊದೆಯಲ್ಲಿ ಅವಿತ ಹುಲಿಯ ಹತ್ತಿರ ನಡೆದುಹೋಗುವಂತಿಲ್ಲ. ಆನೆಯ ಮೇಲೆಯೇ ಹೋಗಬೇಕು. ಮೈಸೂರು ದಸರೆಯಲ್ಲಿ ಚಿನ್ನದ ಅಂಬಾರಿ ಹೊತ್ತ ಅಭಿಮನ್ಯುವನ್ನು ಟಿವಿಯಲ್ಲಿ ನೋಡಿ ಕೈ ಮುಗಿದವರಲ್ಲಿ ಎಷ್ಟು ಜನಕ್ಕೆ ಗೊತ್ತೋ, ಅದೇ ಆನೆ ಇಂತಹ ಅನೇಕ ಕಾರ್ಯಾಚರಣೆಗಳಲ್ಲಿ ಹುಲಿಯ ಎದುರಿಗೆ ನಿಂತದ್ದು.

2023ರ ಫೆಬ್ರುವರಿಯಲ್ಲಿ ಕೊಡಗಿನ ಕುಟ್ಟದ ಬಳಿ ಕಾಫಿ ತೋಟಕ್ಕೆ ಕೆಲಸಕ್ಕೆ ಬಂದಿದ್ದ ಒಂದೇ ಕುಟುಂಬದ ಇಬ್ಬರನ್ನು, ಮೊದಲು ಹದಿಹರೆಯದ ಹುಡುಗನನ್ನು, ಮರುದಿನವೇ ವೃದ್ಧರೊಬ್ಬರನ್ನು ಹುಲಿ ಕೊಂದಿತು. ಅದು ಸೆರೆಯಾದದ್ದು ಅದರ ಮರುದಿನ. ಇಷ್ಟು ಬೇಗ ಸಿಗುವುದು ಅಪರೂಪ. 2025ರ ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಮೈಸೂರು ಜಿಲ್ಲೆಯ ಸರಗೂರು ಭಾಗದಲ್ಲಿ ಕೆಲವೇ ವಾರಗಳ ಅಂತರದಲ್ಲಿ ರೈತರು ಒಬ್ಬರ ಹಿಂದೊಬ್ಬರಂತೆ ಬಲಿಯಾದಾಗ, ಬಂಡೀಪುರ ಮತ್ತು ನಾಗರಹೊಳೆಯ ಸಫಾರಿಯನ್ನೇ ಸರ್ಕಾರ ನಿಲ್ಲಿಸಿತು. ಸಫಾರಿಯ ಸಿಬ್ಬಂದಿಯನ್ನೂ ಹುಲಿ ಹುಡುಕಲು ಕಳಿಸಲಾಯಿತು. ಒಂದಲ್ಲ, ಹಲವು ಹುಲಿಗಳು ಬೋನಿಗೆ ಬಿದ್ದವು. ಅವುಗಳಲ್ಲಿ ಕೊಂದದ್ದು ಯಾವುದು ಎಂಬ ಪ್ರಶ್ನೆ ಮತ್ತೆ ಎದ್ದಿತು.

2022ರ ಅಂದಾಜಿನಂತೆ ಕರ್ನಾಟಕದಲ್ಲಿ 563 ಹುಲಿಗಳಿವೆ. ಮಧ್ಯಪ್ರದೇಶ ಬಿಟ್ಟರೆ ದೇಶದಲ್ಲೇ ಹೆಚ್ಚು. ಕಾಡು ಮಾತ್ರ ಅಷ್ಟೇ ಇದೆ. ಸರಹದ್ದು ಸಿಗದ ಎಳೆಯ ಗಂಡುಹುಲಿ, ಸರಹದ್ದು ಕಳೆದುಕೊಂಡ ಮುದಿಹುಲಿ ಕಾಡಂಚಿಗೆ ಬಂದು ನಿಲ್ಲುತ್ತವೆ. ಅವುಗಳಲ್ಲಿ ಬಹುಪಾಲು ದನ ಹಿಡಿಯುವುದಕ್ಕಿಂತ ಮುಂದೆ ಹೋಗುವುದಿಲ್ಲ. ಮನುಷ್ಯನನ್ನು ಪದೇ ಪದೇ ಕೊಲ್ಲುವ ಒಂದನ್ನು ತಡಮಾಡದೆ ತೆಗೆದುಹಾಕಿದರೆ ಹುಲಿ ಸಂತತಿಗೆ ನಷ್ಟವಿಲ್ಲ, ತಡಮಾಡಿದರೆ ಜನ ಎಲ್ಲ ಹುಲಿಗಳ ಮೇಲೂ ತಿರುಗಿ ಬೀಳುತ್ತಾರೆ ಎಂದು ಕಾರಂತರು ಮತ್ತೆ ಮತ್ತೆ ಬರೆದಿದ್ದಾರೆ. 2025ರ ಜೂನ್ ತಿಂಗಳಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತುಬಿದ್ದಿದ್ದವು. ಅವು ಯಾರನ್ನೂ ಕೊಂದಿರಲಿಲ್ಲ. ಒಂದು ಹಸುವನ್ನು ಕೊಂದಿದ್ದವು, ಆ ಹಸುವಿನ ಕಳೇಬರಕ್ಕೆ ವಿಷ ಬೆರೆಸಲಾಗಿತ್ತು.

ಜೀವಂತ ಸಿಕ್ಕ ಹುಲಿಗಳ ಪಾಡು ಬೇರೆ. ಮೈಸೂರಿನ ಹೊರವಲಯದ ಕೂರ್ಗಳ್ಳಿಯಲ್ಲಿ ಮೃಗಾಲಯಕ್ಕೆ ಸೇರಿದ ಪುನರ್ವಸತಿ ಕೇಂದ್ರವಿದೆ. ಬಂಡೀಪುರ, ನಾಗರಹೊಳೆಯ ಅಂಚಿನಲ್ಲಿ ಹಿಡಿದ ಹುಲಿಗಳನ್ನು ಅಲ್ಲಿಗೆ ತರುತ್ತಾರೆ. ಗಾಯಕ್ಕೆ ಔಷಧಿ ಹಚ್ಚುತ್ತಾರೆ, ಮಾಂಸ ಹಾಕುತ್ತಾರೆ. ಮುರಿದ ಕೋರೆಹಲ್ಲು ಮತ್ತೆ ಬರುವುದಿಲ್ಲವಾದ್ದರಿಂದ ಅವುಗಳಲ್ಲಿ ಹಲವು ಸಾಯುವವರೆಗೂ ಅಲ್ಲೇ ಇರುತ್ತವೆ. ಸಾರ್ವಜನಿಕರಿಗೆ ಅಲ್ಲಿ ಪ್ರವೇಶವಿಲ್ಲ.